ಒಂದೇ ಕಾಲುವೆಯ ಇಬ್ಬರು

ಪಾಠಕ್ಕೆಂದು ‘ರೈವಲ್’ ಪದದ ಮೂಲ ಹುಡುಕುತ್ತಿದ್ದೆ. ಲ್ಯಾಟಿನ್‌ನಲ್ಲಿ ‘ರಿವಸ್’ ಎಂದರೆ ತೊರೆ, ಒಂದೇ ತೊರೆಯ ನೀರು ಬಳಸುವವನು ‘ರಿವಾಲಿಸ್’ ಎಂದಿತ್ತು ನಿಘಂಟಿನಲ್ಲಿ. ಮುಂದೆ ಓದಲಾಗಲಿಲ್ಲ. ಹೋದ ಬೇಸಿಗೆ ಹಿರಿಯೂರಿನ ನಮ್ಮ ಹೊಲದಲ್ಲಿ ನಡೆದದ್ದು ಕಣ್ಣ ಮುಂದೆ ಬಂತು.

ನಮ್ಮ ಕಾಲುವೆಯಲ್ಲಿ ನೀರಿನ ಪಾಳಿ ಯಾರದೋ ಅವರ ಸಲಿಕೆ, ಹೊಲಕ್ಕೆ ನೀರು ತಿರುಗುವ ಮಡೆಯ ಬಾಯಲ್ಲಿ ನೆಟ್ಟಿರುತ್ತದೆ. ಬೇವಿನ ಮರದ ನೆರಳು ಮೋರಿಯ ಕಲ್ಲು ಮುಟ್ಟಿದರೆ ಮೊದಲ ಪಾಳಿ ಮುಗಿಯಿತು, ಆಚೆ ಬದು ಮುಟ್ಟಿದರೆ ಎರಡನೆಯದು. ನೆಟ್ಟವನೇ ಕೀಳಬೇಕು. ಬೇರೆಯವರು ಕಿತ್ತರೆ ಕಿತ್ತವರ ಮುಂದಿನ ಪಾಳಿ ಹೋಗುತ್ತದೆ.

ಅಂದು ನೆರಳು ಕಲ್ಲು ದಾಟಿತ್ತು. ಪಕ್ಕದ ಹೊಲದ ದೊಡ್ಡಪ್ಪನ ಸಲಿಕೆ ಹಾಗೇ ನಿಂತಿತ್ತು. ರಕ್ತಸಂಬಂಧವಲ್ಲ, ಕರೆಯುವ ರೂಢಿ. ಅವನ ಹೊಲ ತುಂಬಿ ನೀರು ದಾರಿಗೆ ಹರಿಯುತ್ತಿತ್ತು. ಈ ಕಡೆ ನಮ್ಮ ಈರುಳ್ಳಿ ಸಸಿ ತಲೆ ಬಾಗಿಸಿದ್ದವು. ಇವತ್ತು ನೀರು ಸಿಗದಿದ್ದರೆ ಉಳಿಯುವುದಿಲ್ಲ ಎಂದು ಅಮ್ಮ ಬೆಳಗ್ಗೆಯೇ ಹೇಳಿದ್ದಳು.

ದೊಡ್ಡಪ್ಪ ಬದುವಿನ ಮೇಲೆ ಕುಂತು ಎಲೆ ಅಡಿಕೆ ಹಾಕುತ್ತಿದ್ದ.

“ಅಣ್ಣ, ನಿನ್ ಪಾಳಿ ಮುಗಿದೈತೆ. ಸಲಿಕೆ ಕಿತ್ಕ,” ಎಂದ ಅಪ್ಪ.

“ನಿಂಗೂ ಕೈ ಅದಾವಲ್ಲ. ಕೀಳ್ ಲೇ, ನೋಡಾಣ.”

ಅಪ್ಪ ಒಂದು ಹೆಜ್ಜೆ ಮುಂದಿಟ್ಟ. ಆಗ ಅಪ್ಪ ಹೊಡೆಯುವಂತೆ ತನ್ನ ಸಲಿಕೆ ಎತ್ತಿದ್ದನೆಂದೇ ನನ್ನ ನೆನಪು. ಮೊನ್ನೆ ಫೋನಿನಲ್ಲಿ ಕೇಳಿದರೆ, ಹೆಗಲ ಮೇಲೇ ಇತ್ತು ಎಂದಳು ಅಮ್ಮ. ಆದರೆ ಅವಳು ಆಗ ನೋಡುತ್ತಿದ್ದದ್ದು ಸಸಿಗಳನ್ನು. ನಾನು ಹೆದರಿದ್ದೆ, ಹೆದರಿದವನ ಕಣ್ಣನ್ನು ಎಷ್ಟು ನಂಬುವುದು?

ಅಮ್ಮ ಇಬ್ಬರ ನಡುವೆ ಬಂದು ನಿಂತಳು.

“ಭಾವ, ನಾಳೆ ನಿಮ್ಮನೇರು ಸಾರಿಗೆ ಈರುಳ್ಳಿ ಕೇಳಾಕೆ ಬಂದ್ರೆ ದಾರೀಲಿ ಹರಿಯೋ ನೀರ್ ಕೊಟ್ ಕಳಿಸ್ಲಾ?”

ದೊಡ್ಡಪ್ಪ ನಗಲಿಲ್ಲ. ಎದ್ದು, ಎಲೆ ಅಡಿಕೆ ಉಗಿದು, ಸಲಿಕೆ ಕಿತ್ತ. ಕಳೆದ ಹೊತ್ತು ಕಳೆಯಿತು, ನೆರಳು ಆಚೆ ಬದು ಮುಟ್ಟಿದರೆ ಅಪ್ಪನ ಪಾಳಿಯೂ ಮುಗಿದಂತೆ, ತಾನು ಇಲ್ಲೇ ಕುಂತು ನೋಡುತ್ತೇನೆ ಎಂದ.

ಅಪ್ಪ ತನ್ನ ಸಲಿಕೆ ನೆಟ್ಟ. ನೀರು ನಮ್ಮ ಕಡೆ ತಿರುಗಿತು. ಊಟಕ್ಕೆ ಕರೆದರೂ ಅವನು ಕದಲಲಿಲ್ಲ. ಕಾಲುವೆಯ ಆಚೆ ದೊಡ್ಡಪ್ಪನೂ ಉಂಡಿರಲಿಲ್ಲ. ಇಬ್ಬರೂ ನೆರಳನ್ನೇ ನೋಡುತ್ತಿದ್ದರು.

ಈರುಳ್ಳಿ ಸಸಿಯ ಕೊನೆಯ ಮಡಿಗೆ ನೀರು ಇನ್ನೂ ಮುಟ್ಟಿರಲಿಲ್ಲ. ಸ್ವಲ್ಪ ತಡೆಯಿರಿ ಎಂದು ಅಮ್ಮ ಮೆಲ್ಲಗೆ ಅಂದಳು. ನೆರಳು ಬದುವಿನ ಹತ್ತಿರ ಬಂದಿತ್ತು, ಮುಟ್ಟಿರಲಿಲ್ಲ. ದೊಡ್ಡಪ್ಪನಿಂದ ಹೇಳಿಸಿಕೊಳ್ಳುವ ಮೊದಲೇ ಅಪ್ಪ ಸಲಿಕೆ ಕಿತ್ತು ಹೆಗಲಿಗೆ ಹಾಕಿಕೊಂಡು ಮನೆ ಕಡೆ ನಡೆದ.

ಆ ಒಂದು ಮಡಿ ಒಣಗಿತು.