ಅಪ್ಪಾರ ಪಾದದ ಮೇಲೆ ಹಸಿರು ಬಟನ್

ಕಳೆದ ವರ್ಷ ದೀಪಾವಳಿ ಮುಗಿದ ಮೇಲಿನ ಮಾತು. ರಾಯಚೂರಿನ ನಮ್ಮ ಮನೆಯಲ್ಲೇ ಕುಳಿತು ನಾನು ಅಂಗಡಿ, ದವಾಖಾನೆಯವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಆಗ ಮಾನ್ವಿಯ ದನದ ಡಾಕ್ಟರೊಬ್ಬರಿಗೆ ಮಾಡಿದ್ದೆ. ಶರಣಪ್ಪ ಎಂದು ಹೆಸರು, ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಸ್ವಂತ ದವಾಖಾನೆ ತೆರೆದಿದ್ದ ಹಿರಿಯರು.

ನಮ್ಮ ಕಡೆಯವರಿಗೆ ವೆಬ್‌ಸೈಟ್ ಎಂದರೂ ಮದುವೆ ಪತ್ರಿಕೆಯ ಹಾಗೇ ಇರಬೇಕು. ಮೇಲೆ ಮನೆದೇವರು, ಪಕ್ಕದಲ್ಲಿ ಮಠದ ಸ್ವಾಮಿಗಳು, ನಡುವೆ ತೀರಿಹೋದ ತಂದೆ ನಿಂತ ಫೋಟೋ. ಇವೆಲ್ಲ ಆದ ಮೇಲೆ ವ್ಯವಹಾರ. ಡಾಕ್ಟರೂ ಅದೇ ಹಠ ಹಿಡಿದರು. ಕಂಪ್ಯೂಟರಿನಲ್ಲಿ ಚೆಂದವೇ ಕಾಣುತ್ತಿತ್ತು. ಮೊಬೈಲಿನಲ್ಲಿ ಮಾತ್ರ ಆ ಫೋಟೋಗಳೇ ಪರದೆ ತುಂಬಿ, ಫೋನ್ ನಂಬರ್ ಸಿಗಬೇಕೆಂದರೆ ಬೆರಳು ಸವೆಯಬೇಕು! ಅದಕ್ಕೇ ಪರದೆಯ ಅಡಿಯಲ್ಲಿ ಫೋನಿನ ಚಿತ್ರವಿರುವ ಒಂದು ಹಸಿರು ಬಟನ್ ಇಟ್ಟೆ, ಒತ್ತಿದರೆ ನೇರ ಡಾಕ್ಟರಿಗೇ ಕರೆ ಹೋಗಬೇಕು. ಜನ ಈಗ ಬರೆದು ಹುಡುಕುವುದಕ್ಕಿಂತ ಮೊಬೈಲಿಗೆ ಬಾಯಲ್ಲಿ ಹೇಳಿ ಹುಡುಕುವುದೇ ಹೆಚ್ಚು. ಹಾಗಾಗಿ ‘ಪಶು ಚಿಕಿತ್ಸಾಲಯ’ದ ಕೆಳಗೆ ‘ಎಮ್ಮಿ ಡಾಕ್ಟರ್’, ಎಮ್ಮೆ ಈಯುತ್ತಿಲ್ಲ ಎನ್ನುವುದಕ್ಕೆ ‘ಎಮ್ಮಿ ಈಯವಲ್ದು’ ಎಂದೆಲ್ಲ ನಮ್ಮ ಕಡೆಯ ಮಾತು ಸೇರಿಸಿದೆ, ಹುಡುಕಿದವರಿಗೆ ಈ ಸೈಟೇ ಮೊದಲು ಕಾಣಲಿ ಎಂದು.

ಕೆಲವು ವಾರ ಕಳೆದು ಒಂದು ಸಂಜೆ ಡಾಕ್ಟರ ಫೋನ್ ಬಂತು. “ಏನವ್ವಾ, ತೆಲಿ ಕೆಟ್ಟದೇನು ನಿನಗ? ಮೊಬೈಲ್‌ನ್ಯಾಗ ನಮ್ಮಪ್ಪಾರ ಪಾದದ ಮ್ಯಾಲೇ ಬಟನ್ ಕುಂದ್ರಿಸೀಯಲ್ಲ! ಬಂದಾವ್ರೆಲ್ಲ ಅವರ ಪಾದಕ್ಕ ಬೆರಳಿಲೆ ತಿವೀಬೇಕೇನು? ತೆಗಿ ಅದನ್ನ!”

ನನಗೂ ಸಿಟ್ಟು ಬಂತು. ಬಾಯಿ ಮುಚ್ಚಿಕೊಂಡು ಕೂರುವವಳು ನಾನಲ್ಲ. “ನಾಳಿ ಬರ್ತೀನ್ರೀ ಸರ್, ಎದುರಿಗೆ ಕುಂತು ಮಾತಾಡೂಣು” ಎಂದೆ.

ಮರುದಿನ ಮಾನ್ವಿಗೆ ಹೋಗಿ ಎಷ್ಟು ಹೇಳಿದರೂ ಅವರು ಜಗ್ಗಲಿಲ್ಲ. “ನಂಬರ್ ಬೇಕಾದಾವ್ರು ಹುಡುಕ್ಯಾಡ್ಲಿ ಬಿಡು” ಎಂದರು. ಸೋತು ಲ್ಯಾಪ್‌ಟಾಪ್ ತೆರೆದೆ. ಇನ್ನೇನು ಬಟನ್ ಅಳಿಸಬೇಕು, ಅವರ ಫೋನ್ ಬಡಿದುಕೊಂಡಿತು.

ಅವರು ಎತ್ತಿ ಸ್ಪೀಕರ್ ಹಾಕಿದರೆ ಹೆಂಗಸೊಬ್ಬಳ ಅಳು. “ಎಮ್ಮಿ ಡಾಕ್ಟರೇನ್ರೀ? ಚೀಕಲಪರ್ವಿಯಿಂದ ಹನುಮವ್ವ ಮಾತಾಡಾಕತ್ತೀನಿ. ಮುಂಜಾನಿಂದ ಎಮ್ಮಿ ಬ್ಯಾನಿ ತಿನ್ನಾಕತ್ತದ, ಕರದ್ದು ಒಂದ ಕಾಲು ಹೊರಗ ಬಂದದ. ಲಗೂನ ಬರ್ರೀ ಯಪ್ಪಾ, ನಮಗಿರಾದು ಇದೊಂದ!”

ಡಾಕ್ಟರ್ ಚೀಲ ಎತ್ತಿಕೊಂಡರು. “ಏಳವ್ವಾ, ಕಾರ್ ಹತ್ತು. ನಾ ಗಾಡಿ ಹೊಡೀತೀನಿ, ನೀ ಆಕಿ ಜೋಡಿ ಮಾತಾಡ್ಕೊಂತ ಇರು. ಯಾರೂ ಕರ ಜಗ್ಗಬಾರ್ದು ಅಂತ ಹೇಳು.”

ನನ್ನ ತವರು ದೇವದುರ್ಗ ತಾಲ್ಲೂಕಿನ ಮಸರಕಲ್. ಹೀಗೆ ಸಿಕ್ಕಿಕೊಂಡು ಎಮ್ಮೆ, ಕರು ಎರಡೂ ಹೋದದ್ದನ್ನು ಕಣ್ಣಾರೆ ಕಂಡವಳು. ದಾರಿಯುದ್ದಕ್ಕೂ ಡಾಕ್ಟರ ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದೆ. ಆ ಕಡೆಯಿಂದ ಹನುಮವ್ವ, “ಮಂದಿ ಹಗ್ಗ ಹಾಕಿ ಜಗ್ಗೂಣು ಅನ್ನಾಕತ್ತಾರ್ರೀ” ಎಂದಳು. “ಬ್ಯಾಡ ಯಕ್ಕಾ, ನಿನಗ ಕೈ ಮುಗೀತೀನಿ, ಯಾರಿಗೂ ಮುಟ್ಟಾಕ ಕೊಡಬ್ಯಾಡ. ಬಂದೇ ಬಿಟ್ವಿ” ಎಂದು ಕೂಗಿದೆ.

ಹೋದಾಗ ಎಮ್ಮೆ ಮಲಗಿಬಿಟ್ಟಿತ್ತು. ಡಾಕ್ಟರ್ ತೋಳು ಏರಿಸಿ, ಕೈ ತೊಳೆದು, ಕರುವನ್ನು ಮೆಲ್ಲಗೆ ಒಳಗೆ ತಳ್ಳಿ, ಮಡಚಿಕೊಂಡಿದ್ದ ಇನ್ನೊಂದು ಕಾಲನ್ನು ನೆಟ್ಟಗೆ ಮಾಡಿದರು. ಆಮೇಲೆ ಎಮ್ಮೆ ತಿಣುಕಿದಾಗಲೆಲ್ಲ ಎಳೆದರು. ಕರು ಹೊರಬಿತ್ತು, ಅಲುಗಾಡಲಿಲ್ಲ. ಡಾಕ್ಟರ್ ಅದರ ಮೂಗು ಒರೆಸಿ ಹುಲ್ಲುಕಡ್ಡಿ ಆಡಿಸಿದರು. ಅಬ್ಬಾ, ಏನು ಹೇಳಲಿ, ಅದು ಸೀನಿತು ನೋಡಿ! ಹೋದ ಜೀವ ಬಂದಂತಾಯಿತು. ಹನುಮವ್ವ ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ.

“ನನ್ನ ನಂಬರ್ ಯಾರು ಕೊಟ್ರವ್ವಾ?” ಎಂದು ಡಾಕ್ಟರ್ ಕೇಳಿದರು.

“ಯಾರೂ ಕೊಟ್ಟಿಲ್ರೀ. ನನಗ ಓದಾಕ ಬರಾಂಗಿಲ್ಲ. ಎಮ್ಮಿ ಈಯವಲ್ದು ಅಂತ ಮೊಬೈಲ್‌ಗೆ ಹೇಳಿದ್ನಿ. ಯಾರೋ ಹಿರೇರ ಫೋಟೋ ಬಂತು. ಅವರ ಪಾದದ ಮ್ಯಾಲೆ ಹಸರು ಫೋನಿತ್ತು. ಯಪ್ಪಾ ನೀನ ಕಾಯಿ ಅಂತ ಒತ್ತಿದ್ನಿ.”

ಡಾಕ್ಟರ್ ಆ ಕಡೆ ತಿರುಗಿ ಬಹಳ ಹೊತ್ತು ಕೈ ತೊಳೆದರು. ವಾಪಸ್ ಬರುವಾಗ ಕಾರಿನಲ್ಲಿ, “ಬಟನ್ ಇರ್ಲಿ ಬಿಡವ್ವಾ. ಇನ್ನೊಂದೀಟು ದೊಡ್ಡದು ಮಾಡು” ಎಂದರು.

ರಾಯಚೂರಿನ ಬಸ್ಸಿನಲ್ಲಿ ಕುಳಿತ ಮೇಲೆ ಮೊಬೈಲಿನಲ್ಲಿ ಸೈಟ್ ತೆರೆದು ಆ ಹಸಿರು ಬಟನ್ ನೋಡಿದೆ. ಹಿಂದಿನ ಸಂಜೆ ಅವರು ಬೈದಾಗಲೇ ಸಿಟ್ಟಿನಲ್ಲಿ ಅಳಿಸಿಬಿಟ್ಟಿದ್ದರೆ? ಈಗ ಯಾವ ಸೈಟ್ ಮುಗಿಸಿದರೂ ನನ್ನ ಮೊಬೈಲಿನಲ್ಲಿ ತೆರೆದು, ಗಾಬರಿಯಿಂದ ಅಳುತ್ತಿರುವ ಹೆಂಗಸೊಬ್ಬಳಿಗೆ ಇದರಲ್ಲಿ ಕೂಡಲೇ ಆಸರೆ ಸಿಗುತ್ತದೆಯೇ ಎಂದು ನೋಡುತ್ತೇನೆ. ಸಿಗುತ್ತದೆ ಎನಿಸಿದ ಮೇಲೆಯೇ ನನಗೆ ಊಟ ಸೇರುವುದು.