ಪ್ಲಗ್ ಕಿತ್ತ ಮೇಲೆ ಇನ್ನೇನು ಭಯ?

ನಮ್ಮ ಭಾವನ ಬಲಗೈ ಇನ್ನೂ ಅದರ ಜಾಗದಲ್ಲೇ ಇದೆ. ನಿನ್ನೆ ಶಿವಮೊಗ್ಗಕ್ಕೆ ಬಂದಿದ್ದವರು ಅದೇ ಕೈಯಲ್ಲಿ ನಮ್ಮ ಮನೆಯ ನಾಲ್ಕು ದೋಸೆ ಮುರಿದು ತಿಂದರು. ನಾನು ನನ್ನ ದೋಸೆ ಬಿಟ್ಟು ಅವರ ಬೆರಳುಗಳನ್ನೇ ನೋಡುತ್ತಿದ್ದೆ.

ಯಾಕೆ ಅಂತ ಹೇಳುತ್ತೇನೆ, ಕೇಳಿ.

ಆಯುಧಪೂಜೆ ಮುಗಿದ ಭಾನುವಾರ ಬೆಳಗ್ಗೆ ಭದ್ರಾವತಿಯಿಂದ ಅಕ್ಕನ ಫೋನು. 'ಕಂಪ್ಯೂಟರ್ ಸತ್ತೋಗಿದೆ ಕಣೋ. ಸ್ಕ್ರೀನೆಲ್ಲ ಕಪ್ಪು. ನಾಳೆ ಕ್ವೆಶ್ಚನ್ ಪೇಪರ್ ಕೊಡ್ಬೇಕು, ಎಲ್ಲಾ ಅದರೊಳಗೇ ಇದೆ!'

ಅಕ್ಕ ಹೈಸ್ಕೂಲ್ ಟೀಚರ್. ಭಾವ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಾನು? ಈ ಅಂಕಣವನ್ನು ಕಂಪ್ಯೂಟರಿನಲ್ಲಿ ಕುಟ್ಟುವವನು. ಅಷ್ಟಕ್ಕೇ ನಮ್ಮ ಬಳಗಕ್ಕೆಲ್ಲ ಕಂಪ್ಯೂಟರ್ ಡಾಕ್ಟರ್. ಬಸ್ಸು ಮಾಚೇನಹಳ್ಳಿ ದಾಟುವಷ್ಟರಲ್ಲಿ, ರೋಗಿಯನ್ನು ನೋಡದೆಯೇ ಮೂರು ಕಾಯಿಲೆ ಪತ್ತೆ ಮಾಡಿಯಾಗಿತ್ತು.

ರೋಗಿ ಹಳೆಯದು, ಸೆಕೆಂಡ್ ಹ್ಯಾಂಡ್. ಮಾನಿಟರ್ ರುಬ್ಬುವ ಕಲ್ಲಿನಷ್ಟು ಭಾರ. ಅದರ ಹಣೆಯ ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ನೆತ್ತಿಯಲ್ಲಿ ಒಣಗಿದ ಚೆಂಡುಹೂವು. 'ಹಬ್ಬಕ್ಕೆ ಅಂತ ಮೂಲೆಮೂಲೇನೂ ಒದ್ದೆ ಬಟ್ಟೇಲಿ ಒರೆಸಿದ್ದೆ. ಪೂಜೆ ಮಾಡಿದ್ದಕ್ಕೇ ಹಿಂಗಾ?' ಅಕ್ಕನಿಗೆ ಅಳುವೇ ಬಂದಿತ್ತು.

ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು. ಮಾನಿಟರಿನ ಹಸಿರು ದೀಪ ಹತ್ತಿತು. ಶುರುವಾಗುವಾಗ ಬರುವ ಆ ಸಣ್ಣ ರಾಗವೂ ಬಂತು. ಸ್ಕ್ರೀನ್ ಮಾತ್ರ ಅಮಾವಾಸ್ಯೆ.

ಕೇಬಲ್‌ಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದೆ. ಊಹೂಂ. ಆಫ್ ಮಾಡಿ, ಕ್ಯಾಬಿನೆಟ್ ಬಿಚ್ಚಿ, ರ‍್ಯಾಮ್ ತೆಗೆದು ಇರೇಸರ್‌ನಿಂದ ಉಜ್ಜಿದೆ. (ನಗಬೇಡಿ. ಹಳೇ ಕಂಪ್ಯೂಟರ್ ಇಟ್ಟುಕೊಂಡವರೆಲ್ಲ ಇದನ್ನು ಮಾಡಿದವರೇ. ಮಕ್ಕಳಿಗೆ ದೃಷ್ಟಿ ತೆಗೆದ ಹಾಗೆ.) ರಾಗ ಬಂತು, ಬೆಳಕು ಬರಲಿಲ್ಲ.

'ಹಾಡು ಬರ್ತಿದೆ ಅಂದ್ರೆ ಇಂಜಿನ್ ಸರಿಯಿದೆ ಭಾವ. ಕೆಟ್ಟಿರೋದು ಮಾನಿಟರ್ರೇ,' ಎಂದು ತೀರ್ಪು ಕೊಟ್ಟೆ.

'ಹಂಗಾದ್ರೆ ಬಿಚ್ಚೋಣ ಬಿಡು,' ಎಂದರು ಭಾವ. ಕಾರ್ಖಾನೆಯಲ್ಲಿ ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಬೋರ್ಡು ತಗುಲಿಸದೆ ಮೆಷಿನ್ ಮುಟ್ಟದ ಮನುಷ್ಯ. ಮನೆಯಲ್ಲಿ? 'ಪ್ಲಗ್ ಕಿತ್ತಿದ್ದೀನಲ್ಲೋ ಮಾರಾಯ. ಇನ್ನು ಇದು ಬರೀ ಡಬ್ಬ. ಡಬ್ಬಕ್ಕೆ ಯಾರಾದ್ರೂ ಹೆದರ್ತಾರಾ? ನೀನು ಟಾರ್ಚ್ ಹಿಡಿ.'

ಹಿಡಿದೆ.

ಹಿಂಬದಿಯ ಕವಚ ಕಳಚಿತು. ಒಳಗೆ ದಪ್ಪ ಗಾಜಿನ ಟ್ಯೂಬ್, ಬೆರಳು ಗಾತ್ರದ ಧೂಳು. ಕೆಂಪು ವೈರೊಂದು ಬಂದು ಗಾಜಿನ ಮೇಲಿನ ರಬ್ಬರ್ ಟೊಪ್ಪಿಯೊಳಗೆ ಹೊಕ್ಕಿತ್ತು. 'ಇದೇ ಲೂಸಾಗಿರ್ಬೇಕು,' ಎಂದು ಭಾವ ಎರಡು ಬೆರಳು ಚಾಚಿದರು. 'ಒಂಚೂರು ಎತ್ತಿ ನೋಡಿ ಭಾವ,' ಎಂದವನು ಯಾರು? ನಾನೇ. ಟಾರ್ಚನ್ನು ಹತ್ತಿರಕ್ಕೂ ತಂದೆ.

'ಅಣ್ಣಾ! ಕೈ ತೆಗೀರಿ! ಮುಟ್ಬೇಡಿ ಅದನ್ನ!'

ಬಾಗಿಲಲ್ಲಿ ಪಕ್ಕದ ಮನೆಯ ಸೆಲ್ವಿ. ಹಬ್ಬದ ದಿನ ಅಕ್ಕ ಕಡಲೆಪುರಿ ತುಂಬಿ ಕಳಿಸಿದ್ದ ಡಬ್ಬಿ ವಾಪಸ್ ಕೊಡಲು ಬಂದವಳು. ಅವಳ ಗಂಡ ಮಣಿ ಟೀವಿ ರಿಪೇರಿ ಮಾಡುತ್ತಾನೆ.

'ಪ್ಲಗ್ ಕಿತ್ತಿದೆ ಕಣಮ್ಮ,' ಭಾವ ನಕ್ಕರು. ಬೆರಳಿಗೂ ಟೊಪ್ಪಿಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ.

'ನಮ್ಮೋರೂ ಹಿಂಗೇ ಅಂದಿದ್ರು ಅಣ್ಣಾ. ಪ್ಲಗ್ ಕಿತ್ತು ಎಷ್ಟೋ ಹೊತ್ತಾಗಿತ್ತು. ಎಗರಿ ಗೋಡೆಗೆ ಬಿದ್ರು. ಒಂದು ಗಳಿಗೆ ಉಸಿರೇ ಇರ್ಲಿಲ್ಲ!'

ಆ ದನಿಗೆ ಭಾವನ ಕೈ ತಾನಾಗಿ ಹಿಂದೆ ಬಂತು.

ಮಣಿ ಬಂದ. ಅವನ ಉದ್ದನೆಯ ಸ್ಕ್ರೂಡ್ರೈವರಿಗೆ ಒಂದು ವೈರ್ ಕಟ್ಟಿತ್ತು. ವೈರಿನ ಇನ್ನೊಂದು ತುದಿಯನ್ನು ಟ್ಯೂಬಿನ ಸುತ್ತಲಿನ ಲೋಹಕ್ಕೆ ಸಿಕ್ಕಿಸಿದ. ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡು, ಸ್ಕ್ರೂಡ್ರೈವರಿನ ತುದಿಯನ್ನು ರಬ್ಬರ್ ಟೊಪ್ಪಿಯ ಅಡಿಗೆ ತೂರಿಸಿದ.

ಚಟ್!

ನೀಲಿ ಕಿಡಿ. ಅಷ್ಟೇ. ಅಕ್ಕ ಭಾವನ ತೋಳು ಹಿಡಿದು ಹಿಂದಕ್ಕೆ ಎಳೆದಳು. ಭಾವ ತಮ್ಮ ಎರಡು ಬೆರಳನ್ನು ಬೇರೆ ಯಾರದೋ ಅನ್ನುವಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಒಳಗೆಲ್ಲ ಪರೀಕ್ಷಿಸಿ ಮಣಿ ಕವಚ ಮುಚ್ಚಿದ. ಕಂಪ್ಯೂಟರ್ ಶುರು ಮಾಡಿ ಕೇಳಿದ: 'ಹಿಂದ್ಗಡೆ ಎಲ್ಲಾ ಬಿಚ್ಚಿದ್ರಿ. ಮುಂದ್ಗಡೆ ನೋಡಿದ್ರಾ ಸಾರ್?' ಸ್ಕ್ರೀನಿನ ಕೆಳಗೆ ಹೆಬ್ಬೆರಳು ಆಡಿಸಿದ. ಅಲ್ಲೊಂದು ಪುಟ್ಟ ಚಕ್ರ. ತಿರುಗಿಸಿದ ಹಾಗೆ ಬೆಳಗಾಯಿತು!

ಬ್ರೈಟ್‌ನೆಸ್. ಹಬ್ಬದ ಒದ್ದೆ ಬಟ್ಟೆ ಅದನ್ನು ಸೊನ್ನೆಗೆ ಉರುಳಿಸಿತ್ತು.

ನಾವು ನಕ್ಕಿದ್ದು ನಿಲ್ಲಲೇ ಇಲ್ಲ. ನಗುತ್ತಲೇ ಅಕ್ಕ ದೇವರ ಮನೆಯಿಂದ ವಿಭೂತಿ ತಂದು ಭಾವನ ಹಣೆಗೆ ಮೂರು ಗೆರೆ ಎಳೆದಳು. ಗೆರೆ ಸೊಟ್ಟಗಾಗಿದ್ದವು.

ಹಾಗಾಗಿ ಓದುಗರೇ, ಸ್ಕ್ರೀನ್ ಕಪ್ಪಾದರೆ ಮೊದಲು ಆ ಚಕ್ರ ನೋಡಿ. ಆಮೇಲೆ ಕೇಬಲ್. ಅದಕ್ಕೂ ಬಗ್ಗದಿದ್ದರೆ ಮಣಿಯಂಥವರನ್ನು ಕರೆಯಿರಿ. ಮಾನಿಟರಿನ ಬೆನ್ನು ಮಾತ್ರ ಬಿಚ್ಚಬೇಡಿ.

ಒಂದು ವಿಷಯ ಮುಚ್ಚಿಟ್ಟಿದ್ದೆ. ನಾನು ಓದಿದ್ದು ಬಿ.ಎಸ್ಸಿ., ಅದರಲ್ಲೂ ಫಿಸಿಕ್ಸ್. ಕರೆಂಟು ತೆಗೆದ ಮೇಲೂ ಕೆಪಾಸಿಟರ್ (ಆ ಗಾಜಿನ ಟ್ಯೂಬೂ ಅಂಥದ್ದೇ) ಚಾರ್ಜ್ ಹಿಡಿದಿಟ್ಟುಕೊಳ್ಳುತ್ತದೆ ಎಂದು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಪಾಸಾದವನು. ಅದೇ ನಾನು ಟಾರ್ಚ್ ಹಿಡಿದು 'ಎತ್ತಿ ನೋಡಿ' ಅಂದಿದ್ದೆ! ಸೆಲ್ವಿ ಆ ಡಬ್ಬಿಯನ್ನು ಮಧ್ಯಾಹ್ನ ತಂದುಕೊಟ್ಟಿದ್ದರೆ?

ನಿನ್ನೆ ದೋಸೆ ತಿನ್ನುವಾಗ ಭಾವನ ಮುಂದೆ ತಪ್ಪೊಪ್ಪಿಕೊಂಡೆ. ಅವರು ಚಟ್ನಿ ಬಳಿದುಕೊಂಡು, ಬೆರಳು ನೆಕ್ಕಿ, ನಿಧಾನಕ್ಕೆ ಹೇಳಿದರು:

'ರ‍್ಯಾಮ್ ಬಿಡೋ ಮಾರಾಯ, ಮೊದ್ಲು ಆ ಇರೇಸರ್ ತಗೊಂಡು ನಿನ್ನ ಬಿ.ಎಸ್ಸಿ. ಉಜ್ಜು.'