ನಾನು ಅರ ಹಾಕಿದ ಎರಡು ಹಲ್ಲು

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಾನು ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದೆ. ನಮ್ಮೂರು ಕೊತ್ತತ್ತಿಯವರು ಕಾಲುವೆ ಅಳೆಯಲು ಬಂದ ಇಂಜಿನಿಯರುಗಳನ್ನು ನೋಡಿದ್ದರು, ಟೋಪಿ ಹಾಕಿಕೊಂಡು ಬದುವಿನ ಮೇಲೆ ನಿಂತು ಬೇರೆಯವರಿಗೆ ಕೆಲಸ ಹೇಳುವ ಜನ ಅವರು. ನಾನು ಯಾವ ಜಾತಿಯ ಇಂಜಿನಿಯರು ಎಂಬುದು ಮಾತ್ರ ಯಾರಿಗೂ ಅರ್ಥವಾಗಿರಲಿಲ್ಲ. ಅಪ್ಪನಿಗೆ ಅರ್ಥವಾಗಿತ್ತು, ಅಥವಾ ಆಗಿದೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಇದ್ದೊಬ್ಬ ಮಗನನ್ನು ಉಳುಮೆಯಿಂದ ಬಿಡಿಸಿ ಓದಿಗೆ ಹಾಕಿದ್ದಕ್ಕೆ ಊರು ನಗುತ್ತಿತ್ತು. ಆ ನಗುವಿಗೆ ನಾನೇ ಒಂದು ದಿನ ಜವಾಬು ಕೊಡುತ್ತೇನೆ ಎಂದು ಅವರು ಕಾಯುತ್ತಿದ್ದರು.

ಡಿಸೆಂಬರ್ ರಜೆಗೆ ಊರಿಗೆ ಬಂದಾಗ ನಮ್ಮ ಆಲೆಮನೆ ನಡೆಯುತ್ತಿತ್ತು. ಕಬ್ಬು ಅರೆಯುವ ಗಾಣಕ್ಕೆ ಅಪ್ಪ ಎತ್ತು ಬಿಟ್ಟು ಹಳೆಯ ಆಯಿಲ್ ಇಂಜಿನ್ ಕೂರಿಸಿ ಎರಡು ವರ್ಷವಾಗಿತ್ತು. ನಾನು ಬಂದ ಮಾರನೆಯ ಬೆಳಗ್ಗೆ ಅದು ಕೆಮ್ಮಿ ಕೆಮ್ಮಿ ನಿಂತುಹೋಯಿತು. ಹಿಂದಿನ ದಿನವಷ್ಟೇ ನಮ್ಮ ಗದ್ದೆಯ ಕಬ್ಬನ್ನೆಲ್ಲ ಕಡಿದು ಆಲೆಮನೆಯ ಮುಂದೆ ಒಟ್ಟಿದ್ದರು. ಕಡಿದ ಕಬ್ಬು ಮೂರು ದಿನ ಬಿದ್ದರೆ ರಸ ಹುಳಿಯುತ್ತದೆ, ಹುಳಿದ ರಸದ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಇಂಜಿನ್ ನೋಡಿಕೊಳ್ಳುತ್ತಿದ್ದ ಮಂಡ್ಯದ ಸಾಬರು ಮಳವಳ್ಳಿಯ ಅಕ್ಕಿ ಗಿರಣಿಯೊಂದರ ಕೆಲಸಕ್ಕೆ ಹೋಗಿದ್ದಾರೆ, ಬರುವುದಕ್ಕೆ ಇನ್ನೂ ಎರಡು ದಿನ ಎಂದು ಸುದ್ದಿ ಬಂತು.

ಆಲೆಮನೆಯ ಮುಂದೆ ಸೇರಿದ್ದವರಿಗೆ ಅಪ್ಪ ಹೇಳಿದರು, "ಸಾಬ್ರು ಇಲ್ದಿದ್ರೆ ಓಗ್ಲಿ ಬುಡ್ರಪ್ಪ. ನಮ್ ಉಡುಗ ಓದ್ತಾ ಇರೋದೇ ಇದ್ನ ಕಣ್ರೋ. ಇವ್ನೇ ಮಾಡ್ತಾನೆ."

ನನಗೆ ಈ ಕೆಲಸ ಬರುವುದಿಲ್ಲ ಎನ್ನಬೇಕಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಅಷ್ಟು ಜನರ ಮುಂದೆ ಅಪ್ಪನ ಮುಖ ನೋಡಿಕೊಂಡು ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಇಂಜಿನ್ನಿನ ಅಡ್ಡಕೊಯ್ತದ ಚಿತ್ರವನ್ನು ನಾನು ಕಣ್ಣುಮುಚ್ಚಿ ಬರೆಯಬಲ್ಲವನಾಗಿದ್ದೆ, ಆದರೆ ಕೆಟ್ಟುನಿಂತ ಇಂಜಿನ್ನನ್ನು ಯಾರೂ ನಮಗೆ ಮುಟ್ಟಿಸಿರಲಿಲ್ಲ. ಮೊದಲ ವರ್ಷವೆಲ್ಲ ವರ್ಕ್‌ಶಾಪಿನಲ್ಲಿ ನಮ್ಮ ಕೈಗೆ ಕೊಟ್ಟಿದ್ದು ಒಂದು ತುಂಡು ಕಬ್ಬಿಣ, ಒಂದು ಅರ. ಉಜ್ಜು, ತೋರಿಸು, ಬೈಸಿಕೊ, ಮತ್ತೆ ಉಜ್ಜು. ಕಬ್ಬಿಣದ ಮೇಲೆ ಎಲ್ಲೇ ತರಿ ಕಂಡರೂ ಅದು ತಪ್ಪು, ಅದನ್ನು ನುಣುಪು ಮಾಡಬೇಕು. ಒಂದು ವರ್ಷದಲ್ಲಿ ಕೈಗೆ ಹತ್ತಿದ ವಿದ್ಯೆ ಅಷ್ಟೇ.

ಕೆಟ್ಟಿದ್ದೇನು ಎಂದು ಗೊತ್ತಿಲ್ಲದವನು ಎಲ್ಲವನ್ನೂ ಬಿಚ್ಚುತ್ತಾನೆ. ನಾನೂ ಬಿಚ್ಚಿದೆ. ಒಳಗೆ ಒಂದಕ್ಕೊಂದು ಕಚ್ಚಿಕೊಂಡು ತಿರುಗುವ ಎರಡು ಹಲ್ಲುಚಕ್ರಗಳಿದ್ದವು, ಇಂಜಿನ್ನಿಗೆ ಯಾವ ಗಳಿಗೆಯಲ್ಲಿ ಎಣ್ಣೆ ಹೋಗಬೇಕೆಂದು ತೀರ್ಮಾನಿಸುವುದು ಅವೇ. ಹೊರತೆಗೆದು ಒರೆಸಿದಾಗ ಒಂದೊಂದು ಚಕ್ರದಲ್ಲೂ ಒಂದು ಹಲ್ಲಿನ ಮೇಲೆ ಉಳಿಯ ಏಟು ಬಿದ್ದಂಥ ಕಚ್ಚು ಕಂಡಿತು. ಅಯ್ಯೋ, ಹಲ್ಲು ಪೆಟ್ಟು ತಿಂದಿದೆ, ರೋಗ ಸಿಕ್ಕಿತು ಎಂದು ಹಿಗ್ಗಿಹೋದೆ. ಅರ ತಂದು ಮಧ್ಯಾಹ್ನದವರೆಗೆ ಕೂತು ಎರಡನ್ನೂ ಉಜ್ಜಿದೆ. ಬೆರಳಾಡಿಸಿದರೆ ಗೊತ್ತಾಗದಷ್ಟು ನುಣುಪಾಯಿತು. ಅಪ್ಪ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು.

ಮತ್ತೆ ಕೂರಿಸುವಾಗ ಯಾವ ಹಲ್ಲು ಯಾವ ಸಂದಿಗೆ ಎಂಬ ಪ್ರಶ್ನೆ ಬಂತು. ಪುಸ್ತಕ ತೆಗೆದು ಲೆಕ್ಕ ಹಾಕಿ, ದೊಡ್ಡ ಚಕ್ರದ ಮೇಲೆ ಸುಣ್ಣದ ಗೆರೆ ಎಳೆದು, ದಾರ ಹಿಡಿದು ಕೂರಿಸಿದೆ. ಲೆಕ್ಕ ಸರಿಯಾಗಿತ್ತು. ನನ್ನ ದಾರ ಒಂದು ಹಲ್ಲಿನಷ್ಟು ತಪ್ಪಿತ್ತು.

"ನೀ ದೂರ ನಿಂತ್ಕ. ಇದ್ಕೆ ರಟ್ಟೆ ಬೇಕು ಕಣ್ಲಾ," ಎಂದು ಅಪ್ಪ ಇಂಜಿನ್ ತಿರುಗಿಸುವ ಹ್ಯಾಂಡಲಿಗೆ ಕೈ ಹಾಕಿದರು. ಎರಡು ಸುತ್ತು ತಿರುಗಿತು. ಮೂರನೆಯದಕ್ಕೆ ಇಂಜಿನ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು, ಹ್ಯಾಂಡಲು ಹಿಂದಕ್ಕೆ ಹೊಡೆಯಿತು. ಅಪ್ಪನ ಬಲ ಮಣಿಕಟ್ಟಿನ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವರು ಕೈಯನ್ನು ಎದೆಗೆ ಒತ್ತಿಕೊಂಡು ಕಬ್ಬಿನ ಒಟ್ಟಿಲಿನ ಮೇಲೆ ಮೆಲ್ಲಗೆ ಕೂತರು. ನಾನು ಸ್ಪ್ಯಾನರ್ ಹಿಡಿದುಕೊಂಡು ನಿಂತೇ ಇದ್ದೆ. ಏನು ಮಾಡಬೇಕೆಂದು ತೋಚಲಿಲ್ಲ, ಅದನ್ನು ಕೆಳಗಿಡಬೇಕೆಂದೂ ತೋಚಲಿಲ್ಲ.

ದುದ್ದದಿಂದ ಮೂಳೆ ಕಟ್ಟುವವರು ಬಂದು ಬಿದಿರ ದಬ್ಬೆಯಿಟ್ಟು ಮೊಟ್ಟೆಯ ಲೋಳೆ ಹಚ್ಚಿ ಕಟ್ಟಿದರು.

ಎರಡು ದಿನದ ಮೇಲೆ ಸಾಬರು ಬಂದರು. ಎಣ್ಣೆ ಸೋಸುವ ಪುಟ್ಟ ಜರಡಿಯನ್ನು ಬಿಚ್ಚಿ ಊದಿ, ಅದರಲ್ಲಿ ಕಟ್ಟಿಕೊಂಡಿದ್ದ ಕೆಸರು ತೋರಿಸಿ, "ಇಷ್ಟೇ ಆಗಿದ್ದು," ಎಂದರು. ಆಮೇಲೆ ಹಲ್ಲುಚಕ್ರ ನೋಡಿ ಅವರ ಕೈ ನಿಂತಿತು.

"ಜೋಡ್ಸಕ್ಕೆ ಸರ್ಯಾಗ್ಲಿ ಅಂತ ನಾ ಉಳೀಲಿ ಕಚ್ಚು ಆಕಿದ್ನಲ್ಲ ಗೌಡ್ರೆ, ಎಲ್ಲೋಯ್ತು?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ, ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ ಕೈ ತೂಗಿಹಾಕಿಕೊಂಡವರು, "ನಾನೇ ಉಜ್ಬುಟ್ಟೆ ಸಾಬ್ರೆ. ಉಡುಗ ಬ್ಯಾಡ ಅಂದ, ನಾ ಕೇಳ್ನಿಲ್ಲ," ಎಂದರು.

ಸಾಬರು ಆ ನುಣುಪಿನ ಮೇಲೆ ಬೆರಳಾಡಿಸಿದರು. ಒಕ್ಕಲುತನ ಮಾಡುವವರ ಕೈಯಲ್ಲಿ ಅಂಥ ಕೆಲಸ ಆಗುವುದಿಲ್ಲವೆಂದು ಅವರಿಗೆ ತಿಳಿಯದೆ? ನನ್ನತ್ತ ಒಂದು ಸಲ ನೋಡಿ, "ಆಗ್ಲಿ ಬುಡಿ, ಬೇರೆ ಆಕ್ಕೊಡ್ತೀನಿ," ಎಂದು ಉಳಿ ತೆಗೆದುಕೊಂಡರು. ನಾನು ತೆರೆದ ಬಾಯಿ ಮುಚ್ಚಿದೆ. ಇಷ್ಟು ವರ್ಷವಾದ ಮೇಲೂ ನನ್ನ ಮೇಲೆ ನನಗೆ ಸಿಟ್ಟು ಬರುವುದು ಅರ ಹಾಕಿದ್ದಕ್ಕಲ್ಲ, ಆ ಬಾಯಿ ಮುಚ್ಚಿದ್ದಕ್ಕೆ.

ಇಂಜಿನ್ ಓಡಿತು. ಕಬ್ಬು ಅರ್ಧಕ್ಕರ್ಧ ಹುಳಿದಿತ್ತು. ಬೆಲ್ಲ ಕಪ್ಪಗೆ ಅಂಟಂಟಾಗಿ ಬಂತು, ಅಚ್ಚಿನಲ್ಲಿ ನಿಲ್ಲಲಿಲ್ಲ.

ರಜೆ ಮುಗಿದು ಹೊರಡುವ ದಿನ ಹಾಸ್ಟೆಲಿನ ಅರ್ಜಿಗೆ ತಂದೆಯ ಸಹಿ ಬೇಕಿತ್ತು. ನಮ್ಮ ಬೀದಿಯ ಹಿರಿಯರಲ್ಲಿ ಸಹಿ ಹಾಕುತ್ತಿದ್ದವರು ಅಪ್ಪ ಒಬ್ಬರೇ. ನಾನು ಹೈಸ್ಕೂಲಿಗೆ ಸೇರಿದ ವರ್ಷ ನನ್ನ ಹಳೆಯ ಸ್ಲೇಟಿನ ಮೇಲೆ ತಿದ್ದಿ ತಿದ್ದಿ ಕಲಿತಿದ್ದರು. ಈ ಸಲ ಇನ್ನು ಓದು ಸಾಕು ಎನ್ನುತ್ತಾರೆ ಎಂದುಕೊಂಡಿದ್ದೆ. ಎನ್ನಲಿ ಎಂದೂ ಆಸೆಪಟ್ಟಿದ್ದೆ. ಅವರು ಕಾಗದ ಹರಡು ಎಂದರು. ದಬ್ಬೆ ಕಟ್ಟಿದ ಕೈಗೆ ಪೆನ್ನು ಸಿಕ್ಕಿಸಿ ನೋಡಿದೆ, ಬೆರಳು ಮಡಿಸಲಾಗಲಿಲ್ಲ. "ಬುಡು," ಎಂದು ಎಡಗೈ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ತಾವೇ ಒತ್ತಿದರು.

ಹೆಬ್ಬೆಟ್ಟಿನ ಪಕ್ಕದಲ್ಲಿ ಓದು ಬಲ್ಲವರು ಯಾರಾದರೂ ಷರಾ ಬರೆಯಬೇಕೆಂಬುದು ನಿಯಮ. ಬೇರೆ ಯಾರೂ ಇರಲಿಲ್ಲ. ಡ್ರಾಯಿಂಗ್ ಕ್ಲಾಸಿನಲ್ಲಿ ಕಲಿತ ಒಪ್ಪವಾದ ಅಕ್ಷರದಲ್ಲಿ, ಅಪ್ಪನ ಹೆಸರಿನ ಮುಂದೆ, 'ಬರೆಯಲು ಬಾರದವರು' ಎಂದು ನಾನೇ ಬರೆದೆ.